ಒಂದು ರಾಜ್ಯದಲ್ಲಿ ಅಮಾನತು, ಇನ್ನೊಂದರಲ್ಲಿ ವಕಾಲತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿವೆ. ಒಂದಕ್ಕಿಂತ ಹೆಚ್ಚು ರಾಜ್ಯಗಳ ಸನ್ನದು ಹೊಂದಿರುವ ವಕೀಲರಿಗೆ ಒಂದು ರಾಜ್ಯದಲ್ಲಿ ಶಿಕ್ಷೆಯಾದರೆ ಉಳಿದ ರಾಜ್ಯಗಳಲ್ಲಿ ಏನಾಗುತ್ತದೆ ಎಂಬುದು ಆ ಪ್ರಶ್ನೆ. ಅವುಗಳನ್ನು ಒಟ್ಟಿಗೆ ಇಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ (ನ್ಯೂಜೆರ್ಸಿಯ ಓದುಗರು): ಮಾನ್ಯರೇ, ನಮ್ಮ ಮನೆ ಖರೀದಿಯ ವ್ಯಾಜ್ಯವನ್ನು ನಡೆಸುತ್ತಿರುವ ವಕೀಲರಿಗೆ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಎರಡೂ ರಾಜ್ಯಗಳ ಸನ್ನದು ಇದೆ. ಬೇರೊಬ್ಬ ಕಕ್ಷಿದಾರರ ಹಣದ ಲೆಕ್ಕದಲ್ಲಿ ಲೋಪ ಕಂಡುಬಂದದ್ದರಿಂದ ನ್ಯೂಯಾರ್ಕಿನ ನ್ಯಾಯಾಲಯ ಅವರನ್ನು ಅಮಾನತು ಮಾಡಿದೆ ಎಂದು ಪರಿಚಿತರಿಂದ ತಿಳಿಯಿತು. ಅವರನ್ನೇ ಕೇಳಿದರೆ, 'ಅದು ನ್ಯೂಯಾರ್ಕಿನ ಮಾತು, ನಿಮ್ಮ ಪ್ರಕರಣ ಇರುವುದು ನ್ಯೂಜೆರ್ಸಿಯಲ್ಲಿ' ಎನ್ನುತ್ತಾರೆ. ಇದು ಸರಿಯೇ?

ಉತ್ತರ: ನಿಮ್ಮ ವಕೀಲರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ಮಾತೂ ಅಲ್ಲ. ಅಮೆರಿಕದಲ್ಲಿ ವಕೀಲಿಕೆಯ ಸನ್ನದನ್ನು ಕೊಡುವುದು ರಾಜ್ಯಗಳೇ ಹೊರತು ಕೇಂದ್ರ ಸರ್ಕಾರವಲ್ಲ. ಪ್ರತಿ ರಾಜ್ಯದ ಉಚ್ಚ ನ್ಯಾಯಪೀಠ ತಾನು ಕೊಟ್ಟ ಸನ್ನದಿಗೆ ತಾನೇ ಒಡೆಯ. ನ್ಯೂಯಾರ್ಕಿನಲ್ಲಿ ಈ ಅಧಿಕಾರ ಅಪಿಲೇಟ್ ಡಿವಿಷನ್ ಎಂಬ ಮೇಲ್ಮನವಿ ಪೀಠಗಳದ್ದು, ನ್ಯೂಜೆರ್ಸಿಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನದು. ಆದ್ದರಿಂದ ನ್ಯೂಯಾರ್ಕಿನ ಆದೇಶ ಹೊರಬಿದ್ದ ಕ್ಷಣಕ್ಕೇ ನ್ಯೂಜೆರ್ಸಿಯ ಸನ್ನದು ತಾನಾಗಿಯೇ ಬಿದ್ದುಹೋಗುವುದಿಲ್ಲ. ಆ ಮಟ್ಟಿಗೆ ಅವರ ಮಾತು ನಿಜ.

ಅವರು ಹೇಳದೆ ಉಳಿಸಿದ್ದು ಮುಂದಿನ ಭಾಗವನ್ನು. ಒಂದು ರಾಜ್ಯದಲ್ಲಿ ಶಿಸ್ತುಕ್ರಮಕ್ಕೆ ಒಳಗಾದ ವಕೀಲನು ತನಗೆ ಸನ್ನದಿರುವ ಉಳಿದ ರಾಜ್ಯಗಳಿಗೆ ಅದನ್ನು ತಾನೇ ಲಿಖಿತವಾಗಿ ತಿಳಿಸಬೇಕೆಂಬುದು ಸಾಮಾನ್ಯವಾಗಿ ಎಲ್ಲೆಡೆ ಇರುವ ನಿಯಮ. ನ್ಯೂಜೆರ್ಸಿಯ ನಿಯಮದಂತೆ ಅಲ್ಲಿನ ವಕೀಲರ ನೀತಿ ಕಚೇರಿಯ ನಿರ್ದೇಶಕರಿಗೆ ವಿಳಂಬವಿಲ್ಲದೆ ತಿಳಿಸಬೇಕು. ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾಗಳು ತಮ್ಮ ವಕೀಲರಿಗೆ 30 ದಿನಗಳ ಗಡುವನ್ನು ವಿಧಿಸಿವೆ. ಸುದ್ದಿ ತಲುಪಿದ ಮೇಲೆ ಎರಡನೆಯ ರಾಜ್ಯದ ಶಿಸ್ತು ಅಧಿಕಾರಿಗಳು ಮೊದಲ ರಾಜ್ಯದ ಆದೇಶದ ಪ್ರಮಾಣೀಕೃತ ಪ್ರತಿಯನ್ನು ತರಿಸಿಕೊಂಡು, 'ಇಲ್ಲಿಯೂ ನಿಮ್ಮ ಮೇಲೆ ಇದೇ ಕ್ರಮವನ್ನು ಏಕೆ ಕೈಗೊಳ್ಳಬಾರದು' ಎಂದು ಕಾರಣ ಕೇಳುವ ನೋಟಿಸ್ ಹೊರಡಿಸುವ ವ್ಯವಸ್ಥೆ ಮಾಡುತ್ತಾರೆ. ಇದನ್ನೇ ಪರಸ್ಪರ ಶಿಸ್ತುಕ್ರಮ ಎನ್ನುವುದು. ಅಮೆರಿಕನ್ ಬಾರ್ ಅಸೋಸಿಯೇಷನ್ ಎಂಬ ವಕೀಲರ ರಾಷ್ಟ್ರೀಯ ಸಂಘ ರೂಪಿಸಿರುವ ಮಾದರಿ ನಿಯಮಗಳಲ್ಲಿ 22ನೆಯದು ಇದಕ್ಕೇ ಮೀಸಲಾಗಿದ್ದು, ಉತ್ತರ ಕೊಡಲು ವಕೀಲನಿಗೆ 30 ದಿನಗಳನ್ನು ನೀಡುತ್ತದೆ. ಆ ಸಂಘಕ್ಕೆ ಯಾರ ಸನ್ನದನ್ನೂ ಮುಟ್ಟುವ ಅಧಿಕಾರವಿಲ್ಲ. ಅದರ ಮಾದರಿಯನ್ನು ಅನೇಕ ರಾಜ್ಯಗಳು ತಮಗೆ ಬೇಕಾದಂತೆ ತಿದ್ದಿಕೊಂಡು ಅಳವಡಿಸಿಕೊಂಡಿವೆ.

ಈ ಹಂತದಲ್ಲಿ ಗಮನಿಸಬೇಕಾದದ್ದು, ತಪ್ಪು ನಡೆದಿದೆಯೇ ಇಲ್ಲವೇ ಎಂಬ ವಿಚಾರಣೆ ಮತ್ತೆ ಮೊದಲಿನಿಂದ ನಡೆಯುವುದಿಲ್ಲ ಎಂಬುದು. ಮೊದಲ ರಾಜ್ಯದ ಅಂತಿಮ ತೀರ್ಮಾನವನ್ನೇ ತಪ್ಪಿನ ನಿರ್ಣಾಯಕ ರುಜುವಾತೆಂದು ಎರಡನೆಯ ರಾಜ್ಯ ಸ್ವೀಕರಿಸುತ್ತದೆ. ಸಾಕ್ಷಿಗಳನ್ನು ಮತ್ತೆ ಕರೆಸುವುದಿಲ್ಲ, ಖಾತೆಗಳನ್ನು ಮತ್ತೆ ತೆರೆಯುವುದಿಲ್ಲ. ಉಳಿಯುವ ಚರ್ಚೆ ಬಹುತೇಕ ಎರಡೇ: ಮೊದಲ ವಿಚಾರಣೆ ನ್ಯಾಯಯುತವಾಗಿ ನಡೆದಿತ್ತೇ, ಮತ್ತು ಶಿಕ್ಷೆಯ ಪ್ರಮಾಣ ಇಲ್ಲಿಗೂ ಒಪ್ಪುತ್ತದೆಯೇ.

ಹಾಗಾಗಿ ನೀವು ಈಗ ನಿಂತಿರುವುದು ಎರಡು ಆದೇಶಗಳ ನಡುವಿನ ಅವಧಿಯಲ್ಲಿ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ದುರ್ಬಲ ಭಾಗ ಇದೇ. ನೋಟಿಸ್, ಉತ್ತರ, ಪರಿಶೀಲನೆ, ಆದೇಶ ಎಂದು ತಿಂಗಳುಗಳೇ ಕಳೆಯಬಹುದು; ಆ ತಿಂಗಳುಗಳಲ್ಲಿ ವಕೀಲನು ಎರಡನೆಯ ರಾಜ್ಯದಲ್ಲಿ ಕಾನೂನುಬದ್ಧವಾಗಿಯೇ ಹೊಸ ಕಕ್ಷಿದಾರರಿಂದ ಮುಂಗಡ ಶುಲ್ಕವನ್ನು ಪಡೆಯಬಹುದು. ಸುದ್ದಿ ಮುಟ್ಟಿಸುವ ಹೊಣೆಯ ಮೊದಲ ಪಾಲನ್ನು ತಪ್ಪಿತಸ್ಥನ ಹೆಗಲಿಗೇ ಹಾಕಿರುವುದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ 1968ರಿಂದ ನಡೆಸುತ್ತಿರುವ ರಾಷ್ಟ್ರೀಯ ದತ್ತಾಂಶ ಕೋಶಕ್ಕೆ ರಾಜ್ಯಗಳು ತಮ್ಮ ಬಹಿರಂಗ ಶಿಸ್ತು ಆದೇಶಗಳನ್ನು ಕಳುಹಿಸುವುದರಿಂದ, ವಕೀಲನು ಬಾಯಿ ಬಿಡದಿದ್ದರೂ ವಿಷಯ ಹೊರಬೀಳುವ ದಾರಿ ಉಂಟು. ಬಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಅದನ್ನೇ ಶಿಕ್ಷೆ ಹೆಚ್ಚಿಸಲು ಕಾರಣವಾಗಿ ಪರಿಗಣಿಸುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟು. ನ್ಯೂಯಾರ್ಕಿನ ಆದೇಶವನ್ನು ತರಿಸಿಕೊಂಡು ಓದಿ; ಅಮಾನತಿನ ಆದೇಶಗಳು ಸಾರ್ವಜನಿಕ ದಾಖಲೆಗಳು. ಅದನ್ನು ನ್ಯೂಜೆರ್ಸಿಗೆ ತಿಳಿಸಿದ್ದೀರಾ, ತಿಳಿಸಿದ್ದರೆ ಯಾವಾಗ ಎಂದು ನಿಮ್ಮ ವಕೀಲರನ್ನು ಪತ್ರದ ಮೂಲಕ ಕೇಳಿ. ಅವರ ಬಳಿ ನಿಮ್ಮ ಹಣವೇನಾದರೂ ಟ್ರಸ್ಟ್ ಖಾತೆಯಲ್ಲಿ, ಅಂದರೆ ಕಕ್ಷಿದಾರರ ಹಣವನ್ನು ವಕೀಲರು ಪ್ರತ್ಯೇಕವಾಗಿ ಇಡುವ ಖಾತೆಯಲ್ಲಿ, ಇದ್ದರೆ ಅದರ ಲೆಕ್ಕವನ್ನು ಇವತ್ತೇ ಕೇಳಿ, ಏಕೆಂದರೆ ಅವರ ಮೇಲಿನ ಆರೋಪ ಹಣಕ್ಕೆ ಸಂಬಂಧಿಸಿದ್ದು. ಪ್ರಕರಣದ ನಡುವೆ ವಕೀಲರು ಬದಲಾದರೆ ವ್ಯಾಜ್ಯಕ್ಕೆ ಪೆಟ್ಟು ಬೀಳುವುದೆಂಬ ಭಯ ಸಹಜ. ಆದರೆ ನೀವಾಗಿ ಈಗ ಬದಲಿಸುವುದು, ವಿಚಾರಣೆಯ ಹೊತ್ತಿಗೆ ಸರಿಯಾಗಿ ಅವರ ಸನ್ನದು ಅಮಾನತಾಗಿ ಅನಿವಾರ್ಯವಾಗಿ ಬದಲಿಸಬೇಕಾಗಿ ಬರುವುದಕ್ಕಿಂತ ಮೇಲು.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಒಹಾಯೊ): ಮೊದಲ ರಾಜ್ಯದ ತೀರ್ಮಾನವೇ ನಿರ್ಣಾಯಕವೆಂದರೆ, ಅಲ್ಲಿ ಅನ್ಯಾಯವಾಗಿದ್ದರೆ ವಕೀಲನಿಗೆ ಎಲ್ಲಿಯೂ ರಕ್ಷಣೆ ಇಲ್ಲವೇ? ಎರಡನೆಯ ನ್ಯಾಯಾಲಯ ಕಣ್ಣು ಮುಚ್ಚಿ ಮುದ್ರೆ ಒತ್ತುವುದಾದರೆ ಅದು ನ್ಯಾಯಾಲಯ ಹೇಗಾದೀತು?

ಉತ್ತರ: ನಿಮ್ಮ ಆಕ್ಷೇಪ ಹಳೆಯದು ಮತ್ತು ಘನವಾದದ್ದು. ಅದಕ್ಕೆ ಉತ್ತರ 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಿರ್ಧರಿಸಿದ ಸೆಲಿಂಗ್ ವಿರುದ್ಧ ರ್‍ಯಾಡ್‌ಫರ್ಡ್ ಪ್ರಕರಣದಲ್ಲಿದೆ. ಮಿಶಿಗನ್ ರಾಜ್ಯದ ಸುಪ್ರೀಂ ಕೋರ್ಟಿನಿಂದ ಸನ್ನದು ಕಳೆದುಕೊಂಡಿದ್ದ ರ್‍ಯಾಡ್‌ಫರ್ಡ್ ಅವರ ಹೆಸರನ್ನು ದೇಶದ ಸುಪ್ರೀಂ ಕೋರ್ಟಿನ ವಕೀಲರ ಪಟ್ಟಿಯಿಂದಲೂ ತೆಗೆಯಬೇಕೆಂಬ ಅರ್ಜಿ ಅದು. ರಾಜ್ಯದ ತೀರ್ಮಾನ ತನ್ನನ್ನು ಕಟ್ಟಿಹಾಕುವುದಿಲ್ಲ, ಆದರೆ ಅದಕ್ಕೆ ತಕ್ಕ ಗೌರವ ಸಲ್ಲಬೇಕು ಎಂದ ನ್ಯಾಯಾಲಯ, ಆ ಗೌರವವನ್ನು ಮೂರು ಸಂದರ್ಭಗಳಲ್ಲಿ ಹಿಂದೆಗೆದುಕೊಳ್ಳಬಹುದು ಎಂದಿತು. ನೋಟಿಸ್ ಅಥವಾ ಅಹವಾಲು ಹೇಳಿಕೊಳ್ಳುವ ಅವಕಾಶವೇ ಇಲ್ಲದೆ ವಿಚಾರಣೆ ನಡೆದಿದ್ದರೆ ಅದು ಮೊದಲನೆಯದು. ತಪ್ಪನ್ನು ಸಾಬೀತುಪಡಿಸಿದ ಸಾಕ್ಷ್ಯ, ಆತ್ಮಸಾಕ್ಷಿಯುಳ್ಳ ನ್ಯಾಯಾಲಯವೊಂದು ಒಪ್ಪಲಾರದಷ್ಟು ಬಡಕಲಾಗಿದ್ದರೆ ಎರಡನೆಯದು. ಅದೇ ಶಿಕ್ಷೆಯನ್ನು ಮುಂದುವರಿಸುವುದು ನ್ಯಾಯಕ್ಕೆ ಸಲ್ಲದೆಂದು ತೋರಿಸುವ ಬೇರಾವುದಾದರೂ ಗುರುತರ ಕಾರಣ ಇದ್ದರೆ ಮೂರನೆಯದು. ಇವುಗಳನ್ನು ತೋರಿಸಿಕೊಡುವ ಭಾರ ವಕೀಲನ ಮೇಲೆಯೇ ಇರುತ್ತದೆ. ಇಂದು ರಾಜ್ಯಗಳ ನಿಯಮಗಳಲ್ಲಿ ಕಾಣುವ ವಿನಾಯಿತಿಗಳೆಲ್ಲ ಬಹುಮಟ್ಟಿಗೆ ಈ ಮೂರರ ವಂಶದವೇ.

ನೀವು ಒಹಾಯೊದಿಂದ ಬರೆದಿರುವುದರಿಂದ 1968ರ ರಫೆಲೊ ಪ್ರಕರಣವನ್ನು ಹೇಳಲೇಬೇಕು. ಗಾಯಗೊಂಡ ರೈಲ್ವೆ ಕಾರ್ಮಿಕರ ಪರವಾಗಿ ರೈಲ್ವೆ ಕಂಪನಿಗಳ ವಿರುದ್ಧ ದಾವೆ ಹೂಡುತ್ತಿದ್ದ ವಕೀಲರೊಬ್ಬರ ಮೇಲೆ ಒಹಾಯೊದಲ್ಲಿ ಶಿಸ್ತು ವಿಚಾರಣೆ ನಡೆಯಿತು. ರೈಲ್ವೆಯ ನೌಕರನೊಬ್ಬನನ್ನು ಅವರು ತನಿಖೆಯ ಕೆಲಸಕ್ಕೆ ಬಳಸಿಕೊಂಡಿದ್ದರೆಂಬುದು ವಿಚಾರಣೆಯ ನಡುವಿನ ಸಾಕ್ಷ್ಯದಲ್ಲಿ ಹೊರಬಂದಾಗ, ಅದನ್ನೇ ಹೊಸ ಆರೋಪವಾಗಿ ಸೇರಿಸಲಾಯಿತು. ರಾಜ್ಯ ಅವರನ್ನು ಅನಿರ್ದಿಷ್ಟ ಕಾಲ ಅಮಾನತು ಮಾಡಿತು. ಅದೇ ದಾಖಲೆಯನ್ನು ನೋಡಿದ ಫೆಡರಲ್, ಅಂದರೆ ಕೇಂದ್ರದ, ಜಿಲ್ಲಾ ನ್ಯಾಯಾಲಯ ಅವರ ಮೇಲೆ ಕ್ರಮ ಕೈಗೊಳ್ಳಲು ಒಪ್ಪಲಿಲ್ಲ; ಫೆಡರಲ್ ಮೇಲ್ಮನವಿ ನ್ಯಾಯಾಲಯವಾದರೋ ತನ್ನ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಇಂಥ ವಿಚಾರಣೆಗಳು ಅರೆ-ಕ್ರಿಮಿನಲ್ ಸ್ವರೂಪದವು, ಆದ್ದರಿಂದ ತನ್ನ ಮೇಲಿನ ಆರೋಪ ಏನೆಂಬುದು ವಿಚಾರಣೆ ಆರಂಭವಾಗುವ ಮೊದಲೇ ವಕೀಲನಿಗೆ ಗೊತ್ತಿರಬೇಕು ಎಂಬುದು ಅದರ ತಿರುಳು. ತನ್ನ ಸಮರ್ಥನೆಗಾಗಿ ಆಡಿದ ಮಾತೇ ತನಗೆ ಹೊಸ ಬಲೆಯಾಗುವಂತಾದರೆ ಯಾವ ವಕೀಲನೂ ಬಾಯಿ ತೆರೆಯಲಾರ.

ಇನ್ನೊಂದು, 1957ರ ಥಿಯರ್ಡ್ ಪ್ರಕರಣ, ನನಗೆ ಇವೆಲ್ಲಕ್ಕಿಂತ ಮನಮುಟ್ಟುವಂಥದ್ದು. ಲೂಸಿಯಾನದ ಈ ವಕೀಲರು 1935ರಲ್ಲಿ ಸಾಲದ ವಾಗ್ದಾನ ಪತ್ರವೊಂದನ್ನು ನಕಲಿ ಮಾಡಿದ್ದರು. ಆಗ ಅವರು ತೀವ್ರ ಮಾನಸಿಕ ಅಸ್ವಸ್ಥತೆಯಲ್ಲಿದ್ದರು. ಗುಣವಾಗಿ ಮತ್ತೆ ವೃತ್ತಿ ನಡೆಸುತ್ತಿದ್ದ ಅವರ ಸನ್ನದನ್ನು ಬಹುಕಾಲದ ನಂತರ ರಾಜ್ಯ ರದ್ದು ಮಾಡಿತು, ಫೆಡರಲ್ ಜಿಲ್ಲಾ ನ್ಯಾಯಾಲಯ ಅದನ್ನೇ ಅನುಸರಿಸಿತು. ರಾಜ್ಯ ಸನ್ನದು ರದ್ದು ಮಾಡಿದ ಮಾತ್ರಕ್ಕೆ ಫೆಡರಲ್ ನ್ಯಾಯಾಲಯಗಳಲ್ಲೂ ಅದು ಯಾಂತ್ರಿಕವಾಗಿ ಹರಿದು ಬರತಕ್ಕದ್ದಲ್ಲ ಎಂದ ಸುಪ್ರೀಂ ಕೋರ್ಟ್, ಆ ಮನುಷ್ಯ ಅಂದು ಯಾವ ಸ್ಥಿತಿಯಲ್ಲಿದ್ದನೆಂಬುದನ್ನು ಪರಿಗಣಿಸುವಂತೆ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು.

ಇವುಗಳನ್ನು ಓದಿ ವಿನಾಯಿತಿಯ ಬಾಗಿಲು ಅಗಲವಾಗಿದೆ ಎಂದು ಭಾವಿಸಬೇಡಿ. ಬಾಗಿಲು ಇದೆ, ಕಿರಿದಾಗಿದೆ. ನ್ಯೂಯಾರ್ಕಿನ ಉದಾಹರಣೆಯನ್ನೇ ನೋಡಿ. ಅಲ್ಲಿ ತಪ್ಪನ್ನು ಸಾಬೀತುಪಡಿಸಲು ಸಾಕ್ಷ್ಯದ ತೂಕ ಒಂದು ಕಡೆಗೆ ಸ್ವಲ್ಪ ವಾಲಿದರೆ ಸಾಕು. ಬಹುಪಾಲು ರಾಜ್ಯಗಳು ಅದಕ್ಕಿಂತ ಗಟ್ಟಿಯಾದ, ಸ್ಪಷ್ಟವೂ ಮನದಟ್ಟಾಗುವಂಥದ್ದೂ ಆದ ಸಾಕ್ಷ್ಯವನ್ನು ಬೇಡುತ್ತವೆ. ಹಾಗಿದ್ದರೆ ನ್ಯೂಯಾರ್ಕಿನ ತೀರ್ಮಾನ ಬೇರೆಡೆ ನಿಲ್ಲಬಾರದಲ್ಲವೇ ಎಂಬ ವಾದವನ್ನು ವಕೀಲರು ಹೂಡಿದ್ದಾರೆ. ವಾಷಿಂಗ್ಟನ್ ಡಿಸಿಯ ನ್ಯಾಯಾಲಯ ಅದನ್ನು ಒಪ್ಪಿಲ್ಲ. ಅಳತೆಗೋಲು ಬೇರೆಯಾದ ಮಾತ್ರಕ್ಕೆ ಅಳತೆ ಸುಳ್ಳಾಗುವುದಿಲ್ಲ ಎಂಬ ಈ ನಿಲುವು ಆಡಳಿತದ ದೃಷ್ಟಿಯಿಂದ ಅರ್ಥವಾಗುತ್ತದೆ; ಸನ್ನದು ಕಳೆದುಕೊಳ್ಳುವವನ ದೃಷ್ಟಿಯಿಂದ ನನಗೆ ಅಷ್ಟು ಸಮಾಧಾನ ತರುವುದಿಲ್ಲ.

ಪ್ರಶ್ನೆ (ಇಲಿನಾಯ್): ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಬಾರದೆಂದು ಅಮೆರಿಕದ ಸಂವಿಧಾನವೇ ಹೇಳುತ್ತದೆಯಲ್ಲ?

ಉತ್ತರ: ಆ ರಕ್ಷಣೆ ಇರುವುದು ಅಪರಾಧಕ್ಕೆ ವಿಧಿಸುವ ದಂಡನೆಗೆ. ಶಿಸ್ತುಕ್ರಮದ ಉದ್ದೇಶ ಸಾರ್ವಜನಿಕರ ರಕ್ಷಣೆಯೆಂದೂ, ಪ್ರತಿ ರಾಜ್ಯವೂ ತನ್ನ ಜನರನ್ನು ತಾನು ರಕ್ಷಿಸಿಕೊಳ್ಳುತ್ತಿದೆಯೆಂದೂ ನ್ಯಾಯಾಲಯಗಳು ಭಾವಿಸುವುದರಿಂದ ಈ ವಾದ ನಿಲ್ಲುವುದಿಲ್ಲ. ಒಂದೇ ನಡತೆಗಾಗಿ ವಕೀಲನು ಒಂದಕ್ಕಿಂತ ಹೆಚ್ಚು ರಾಜ್ಯಗಳ ಶಿಸ್ತು ಅಧಿಕಾರಕ್ಕೆ ಒಳಪಡಬಹುದೆಂದು ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ವೃತ್ತಿನಿಯಮ 8.5 ನೇರವಾಗಿಯೇ ಹೇಳುತ್ತದೆ.

ಪ್ರಶ್ನೆ (ಪೆನ್ಸಿಲ್ವೇನಿಯಾ): ಒಂದೇ ತಪ್ಪಿಗೆ ಎಲ್ಲ ರಾಜ್ಯಗಳೂ ಒಂದೇ ಶಿಕ್ಷೆಯನ್ನು ಕೊಡುತ್ತವೆಯೇ? ಟ್ರಂಪ್ ಅವರ ವಕೀಲರಾಗಿದ್ದ ರೂಡಿ ಜುಲಿಯಾನಿ ಅವರ ಸುದ್ದಿಯನ್ನು ಓದುವಾಗ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಎರಡೂ ಕಡೆ ಸನ್ನದು ಹೋಯಿತೆಂದು ತಿಳಿದು ಈ ಸಂದೇಹ ಬಂತು.

ಉತ್ತರ: ಜುಲಿಯಾನಿ ಅವರದು ಈ ವಿಷಯಕ್ಕೆ ಒಳ್ಳೆಯ ನಿದರ್ಶನ. 2020ರ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಸುಳ್ಳು ಹೇಳಿಕೆಗಳನ್ನು ನೀಡಿದರೆಂಬ ಕಾರಣಕ್ಕೆ ನ್ಯೂಯಾರ್ಕಿನ ಅಪಿಲೇಟ್ ಡಿವಿಷನ್ 2021ರ ಜೂನ್‌ನಲ್ಲಿ ಅವರನ್ನು ತಾತ್ಕಾಲಿಕವಾಗಿ ಅಮಾನತು ಮಾಡಿ, 2024ರ ಜುಲೈ 2ರಂದು ಸನ್ನದನ್ನೇ ರದ್ದುಪಡಿಸಿತು. ಪೆನ್ಸಿಲ್ವೇನಿಯಾದಲ್ಲಿ ಅವರು ನಡೆಸಿದ ಚುನಾವಣಾ ದಾವೆಯ ಬಗ್ಗೆ ವಾಷಿಂಗ್ಟನ್ ಡಿಸಿಯಲ್ಲಿ ಪ್ರತ್ಯೇಕ ಶಿಸ್ತು ಪ್ರಕರಣವೇ ನಡೆಯುತ್ತಿತ್ತು. ಆದರೂ 2024ರ ಸೆಪ್ಟೆಂಬರ್ 26ರಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರ ಸನ್ನದನ್ನು ರದ್ದು ಮಾಡಿದ್ದು ನ್ಯೂಯಾರ್ಕಿನ ಆದೇಶವನ್ನು ಆಧರಿಸಿದ ಪರಸ್ಪರ ಕ್ರಮವಾಗಿ. ಕಾರಣ ಕೇಳಿದ ನೋಟಿಸಿಗೆ ಅವರು ಉತ್ತರವನ್ನೇ ಸಲ್ಲಿಸಿರಲಿಲ್ಲ. ಸ್ವಂತ ವಿಚಾರಣೆಯ ಉದ್ದನೆಯ ದಾರಿಗಿಂತ ಈ ದಾರಿ ಎಷ್ಟು ಹತ್ತಿರದ್ದೆಂಬುದು ಇದರಿಂದ ಗೊತ್ತಾಗುತ್ತದೆ.

ಇಲ್ಲಿ ಎರಡೂ ಕಡೆ ಶಿಕ್ಷೆ ಒಂದೇ ಆಯಿತು, ಏಕೆಂದರೆ ಡಿಸಿಯ ನಿಯಮ ಅದೇ ಶಿಕ್ಷೆಯೆಂಬ ಪೂರ್ವಭಾವನೆಯಿಂದ ಹೊರಡುತ್ತದೆ. ಬೇಡವೆನ್ನುವವರು ಸ್ಪಷ್ಟವೂ ಮನದಟ್ಟಾಗುವಂಥದ್ದೂ ಆದ ಸಾಕ್ಷ್ಯದಿಂದ ವಿನಾಯಿತಿಯನ್ನು ಸಾಬೀತುಪಡಿಸಬೇಕು. ಆ ವಿನಾಯಿತಿಗಳಲ್ಲಿ, ಅದೇ ತಪ್ಪಿಗೆ ಡಿಸಿಯಲ್ಲಿ ಗಣನೀಯವಾಗಿ ಬೇರೆಯಾದ ಶಿಕ್ಷೆ ಸಲ್ಲುತ್ತಿತ್ತು ಎಂಬುದೂ, ಅದು ಡಿಸಿಯಲ್ಲಿ ತಪ್ಪೇ ಅಲ್ಲ ಎಂಬುದೂ ಸೇರಿವೆ. ನ್ಯೂಯಾರ್ಕಿನ ನಿಯಮದಲ್ಲಿ ವಕೀಲನಿಗೆ ದೊರೆಯುವ ಸಮರ್ಥನೆಗಳು ಮೂರೇ: ನೋಟಿಸಿನ ಕೊರತೆ, ಸಾಕ್ಷ್ಯದ ದೌರ್ಬಲ್ಯ, ಆ ನಡತೆ ನ್ಯೂಯಾರ್ಕಿನಲ್ಲಿ ತಪ್ಪಲ್ಲ ಎಂಬುದು. ಶಿಕ್ಷೆಯ ಅಳತೆಯನ್ನು ಅಲ್ಲಿನ ನ್ಯಾಯಾಲಯ ತಾನೇ ತೂಗಿ ನಿರ್ಧರಿಸುತ್ತದೆ.

ಶಿಕ್ಷೆಗಳ ಹೆಸರು ಒಂದೇ ಆದರೂ ತೂಕ ಬೇರೆಯಾಗಿರುವುದು ಇನ್ನೂ ದೊಡ್ಡ ತೊಡಕು. ನ್ಯೂಯಾರ್ಕಿನಲ್ಲಿ ಸನ್ನದು ರದ್ದಾದವರು ಏಳು ವರ್ಷಗಳ ನಂತರ ಮರುಪ್ರವೇಶಕ್ಕೆ ಅರ್ಜಿ ಹಾಕಬಹುದು. ನ್ಯೂಜೆರ್ಸಿಯಲ್ಲಿ ದಶಕಗಳ ಕಾಲ ಸನ್ನದು ರದ್ದೆಂದರೆ ಆಜೀವ ರದ್ದು. ಕಕ್ಷಿದಾರರ ಹಣವನ್ನು ತಿಳಿದೂ ತಿಳಿದೂ ಬಳಸಿಕೊಂಡವನಿಗೆ ಬೇರೆ ಶಿಕ್ಷೆಯೇ ಇಲ್ಲವೆಂದು 1979ರ ವಿಲ್ಸನ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಾರಿತ್ತು. 2022ರ ವೇಡ್ ತೀರ್ಪಿನಲ್ಲಿ ಆ ನ್ಯಾಯಾಲಯವೇ, ರದ್ದು ಎಂದೆಂದಿಗೂ ರದ್ದಾಗಿಯೇ ಉಳಿಯಬೇಕೇ ಎಂಬುದನ್ನು ಮರುಪರಿಶೀಲಿಸಲು ಮುಂದಾಗಿ, 2024ರಲ್ಲಿ ಮರುಪ್ರವೇಶಕ್ಕೆ ದಾರಿ ತೆರೆಯಿತು. ಅಲ್ಲಿಯವರೆಗಿನ ಈ ಅಂತರದ ಪರಿಣಾಮವೇನೆಂದರೆ, ನ್ಯೂಯಾರ್ಕಿನ ರದ್ದು ಆದೇಶ ನ್ಯೂಜೆರ್ಸಿಗೆ ಬಂದಾಗ, ಹಣದ ದುರುಪಯೋಗವಲ್ಲದ ಎಷ್ಟೋ ಪ್ರಕರಣಗಳಲ್ಲಿ ಅದು ನಿರ್ದಿಷ್ಟ ಅವಧಿಯ ಅಮಾನತಾಗಿ ಬದಲಾಗುತ್ತಿತ್ತು. ಅಜಾಗರೂಕತೆಯಿಂದ ಟ್ರಸ್ಟ್ ಖಾತೆಯ ಲೆಕ್ಕ ತಪ್ಪಿದ್ದರೆ ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಬಹಿರಂಗ ಛೀಮಾರಿಯಷ್ಟೇ. ಬೇಕೆಂದೇ ಮಾಡಿದ್ದರೆ ನ್ಯೂಯಾರ್ಕಿಗಿಂತ ನ್ಯೂಜೆರ್ಸಿಯೇ ಕಠಿಣವಾಗಿತ್ತು. ಮೊದಲ ಪ್ರಶ್ನೆಯನ್ನು ಕೇಳಿದ ಓದುಗರು ಆದೇಶವನ್ನು ತರಿಸಿ ಓದಬೇಕೆಂದು ನಾನು ಹೇಳಿದ್ದು ಇದಕ್ಕಾಗಿಯೇ. ಅದರಲ್ಲಿ 'ತಿಳಿದು' ಎಂದಿದೆಯೇ, 'ಅಜಾಗರೂಕತೆಯಿಂದ' ಎಂದಿದೆಯೇ ಎಂಬುದರ ಮೇಲೆ ಅವರ ವಕೀಲರ ಭವಿಷ್ಯ ನಿಂತಿದೆ.

ಪ್ರಶ್ನೆ (ಮ್ಯಾಸಚೂಸೆಟ್ಸ್): ಶಿಕ್ಷೆಯಾಗುವ ಮೊದಲೇ ಉಳಿದ ರಾಜ್ಯಗಳ ಸನ್ನದಿಗೆ ರಾಜೀನಾಮೆ ಕೊಟ್ಟುಬಿಟ್ಟರೆ ವಕೀಲನು ತಪ್ಪಿಸಿಕೊಳ್ಳಬಹುದಲ್ಲವೇ?

ಉತ್ತರ: ಪ್ರಯತ್ನಿಸಿದವರಲ್ಲಿ ಇಬ್ಬರು ಅಧ್ಯಕ್ಷರೂ ಇದ್ದಾರೆ. ವಾಟರ್‌ಗೇಟ್ ಹಗರಣದ ಬಳಿಕ ರಿಚರ್ಡ್ ನಿಕ್ಸನ್ ಕೊಟ್ಟ ರಾಜೀನಾಮೆಯನ್ನು ಕ್ಯಾಲಿಫೋರ್ನಿಯಾ 1974ರಲ್ಲಿ ಸ್ವೀಕರಿಸಿತು. ನ್ಯೂಯಾರ್ಕ್ ಸ್ವೀಕರಿಸಲಿಲ್ಲ. ಆರೋಪಗಳನ್ನು ಎದುರಿಸಿ ಗೆಲ್ಲಲಾರೆನೆಂದು ಒಪ್ಪಿಕೊಂಡರೆ ಮಾತ್ರ ರಾಜೀನಾಮೆ ಎಂಬುದು ಅಲ್ಲಿನ ನಿಯಮ. ನಿಕ್ಸನ್ ಅದಕ್ಕೆ ಒಪ್ಪದಿದ್ದುದರಿಂದ 1976ರ ಜುಲೈಯಲ್ಲಿ ಅವರ ಸನ್ನದು ರದ್ದಾಯಿತು. ಬಿಲ್ ಕ್ಲಿಂಟನ್ ಅಧಿಕಾರದಿಂದ ಇಳಿಯುವ ಮುನ್ನಾದಿನ, 2001ರ ಜನವರಿಯಲ್ಲಿ, ಅರ್ಕಾನ್ಸಾ ರಾಜ್ಯದಲ್ಲಿ ಐದು ವರ್ಷಗಳ ಅಮಾನತಿಗೂ 25,000 ಡಾಲರ್ ದಂಡಕ್ಕೂ ಒಪ್ಪಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ದೇಶದ ಸುಪ್ರೀಂ ಕೋರ್ಟ್ ತನ್ನ ಪಟ್ಟಿಯಿಂದಲೂ ಅವರನ್ನು ಅಮಾನತು ಮಾಡಿ, ಸನ್ನದು ಏಕೆ ರದ್ದಾಗಬಾರದೆಂದು ತಿಳಿಸಲು 40 ದಿನಗಳನ್ನು ಕೊಟ್ಟಿತು. ನವೆಂಬರಿನಲ್ಲಿ ಅವರು ಆ ನ್ಯಾಯಾಲಯದ ವಕೀಲರ ಪಟ್ಟಿಗೆ ರಾಜೀನಾಮೆ ನೀಡಿದರು. ಸಾಮಾನ್ಯ ವಕೀಲರ ಮಟ್ಟಿಗೆ ಹೇಳುವುದಾದರೆ, ಆರೋಪ ಬಾಕಿ ಇರುವಾಗ ಕೊಟ್ಟ ರಾಜೀನಾಮೆಯನ್ನು ಅನೇಕ ಕಡೆ ಶಿಸ್ತುಕ್ರಮಕ್ಕೆ ಸಮನಾಗಿ ಕಾಣುತ್ತಾರೆ. ಒಂದು ಕಡೆ ರಾಜೀನಾಮೆ ಕೊಟ್ಟು ಇನ್ನೊಂದು ಕಡೆ ನೆಮ್ಮದಿಯಾಗಿ ಕೂರುವ ಉಪಾಯ ಈಗ ನಡೆಯುವುದು ಕಡಿಮೆ.

ಹಿಂದೆ ನಡೆಯುತ್ತಿತ್ತು ಎಂಬುದನ್ನೂ ಹೇಳಬೇಕು. ನಿವೃತ್ತ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಅವರ ನೇತೃತ್ವದ ಸಮಿತಿ 1970ರಲ್ಲಿ ಸಲ್ಲಿಸಿದ ವರದಿ, ದೇಶದ ಶಿಸ್ತು ವ್ಯವಸ್ಥೆಯನ್ನು ನಾಚಿಕೆಗೇಡು ಎಂಬಷ್ಟು ಖಾರವಾಗಿ ವರ್ಣಿಸಿತು. ಒಂದೆಡೆ ಸನ್ನದು ಕಳೆದುಕೊಂಡವರು ಇನ್ನೊಂದೆಡೆ ವಕೀಲಿ ನಡೆಸುತ್ತಿರುವುದು ಆ ವರದಿ ಎತ್ತಿ ತೋರಿಸಿದ ದೋಷಗಳಲ್ಲಿ ಒಂದು. ಇಂದಿನ ಬಿಗಿ ನಿಯಮಗಳ ಹಿಂದೆ ಆ ಮುಜುಗರದ ಪಾಲೂ ಇದೆ.

ಪ್ರಶ್ನೆ (ಟೆಕ್ಸಸ್‌ನ ಓದುಗರು, ಸಾಫ್ಟ್‌ವೇರ್ ಉದ್ಯೋಗಿ): ನನ್ನ ಗ್ರೀನ್ ಕಾರ್ಡ್ ಅರ್ಜಿಯನ್ನು ನೋಡಿಕೊಳ್ಳುವ ವಕೀಲರಿಗೆ ಟೆಕ್ಸಸ್‌ನ ಸನ್ನದು ಇಲ್ಲ, ಬೇರೆ ಎರಡು ರಾಜ್ಯಗಳದ್ದಿದೆ. ಅವುಗಳಲ್ಲಿ ಒಂದರಲ್ಲಿ ಅಮಾನತಾದರೆ ನನ್ನ ಅರ್ಜಿಯ ಗತಿಯೇನು?

ಉತ್ತರ: ವಲಸೆ ಕಾನೂನು ಫೆಡರಲ್ ಕಾನೂನಾದ್ದರಿಂದ, ಯಾವುದಾದರೂ ಒಂದು ರಾಜ್ಯದ ಸನ್ನದುಳ್ಳ ವಕೀಲರು ದೇಶದ ಯಾವ ಮೂಲೆಯಲ್ಲಿರುವವರ ವಲಸೆ ಅರ್ಜಿಯನ್ನಾದರೂ ನಡೆಸಬಹುದು. ಆ ಬಗ್ಗೆ ನಿಮಗೆ ಚಿಂತೆ ಬೇಡ. ಆದರೆ ಒಂದು ಸನ್ನದು ಸಾಕು ಎಂಬ ಈ ಅನುಕೂಲದ ಹಿಂದೆ ಅಷ್ಟೇ ಹರಿತವಾದ ಷರತ್ತೊಂದಿದೆ. ವಲಸೆ ನಿಯಮಗಳು ವಕೀಲ ಎಂಬುದನ್ನು ವ್ಯಾಖ್ಯಾನಿಸುವಾಗ, ಯಾವುದಾದರೂ ರಾಜ್ಯದಲ್ಲಿ ಸನ್ನದು ಚಾಲ್ತಿಯಲ್ಲಿರಬೇಕು ಎಂಬುದರ ಜೊತೆಗೆ, ವೃತ್ತಿಯನ್ನು ನಿರ್ಬಂಧಿಸುವ ಅಮಾನತು ಅಥವಾ ರದ್ದು ಆದೇಶ ಅವರ ಮೇಲೆ ಇರಬಾರದು ಎಂದೂ ಹೇಳುತ್ತವೆ. ಎರಡು ರಾಜ್ಯಗಳ ಸನ್ನದುಳ್ಳವರು ಒಂದರಲ್ಲಿ ಅಮಾನತಾದರೆ, ಇನ್ನೊಂದು ಸನ್ನದು ಅಖಂಡವಾಗಿದ್ದರೂ ಈ ವ್ಯಾಖ್ಯಾನದಿಂದ ಹೊರಗೆ ಬೀಳುತ್ತಾರೆ. ಮೊದಲ ಪ್ರಶ್ನೆಯಲ್ಲಿ ನಾವು ಕಂಡ ನಡುವಿನ ಅವಧಿಯ ರಿಯಾಯಿತಿ ಇಲ್ಲಿಲ್ಲ.

ಅಂಥ ವಕೀಲರು 30 ದಿನಗಳೊಳಗೆ ವಲಸೆ ನ್ಯಾಯಾಲಯಗಳ ಆಡಳಿತಕ್ಕೆ ವಿಷಯವನ್ನು ತಿಳಿಸಬೇಕು. ವಲಸೆ ಮೇಲ್ಮನವಿ ಮಂಡಳಿಯ ಮುಂದೆ ತಕ್ಷಣದ ಅಮಾನತಿಗೆ ಅರ್ಜಿ ಹೋಗುತ್ತದೆ. ಅನಂತರ ಸಂಕ್ಷಿಪ್ತ ಶಿಸ್ತು ವಿಚಾರಣೆ ನಡೆಯುತ್ತದೆ. ಅಲ್ಲಿಯೂ ವಕೀಲರಿಗೆ ಉಳಿಯುವ ಸಮರ್ಥನೆಗಳು ಮೇಲೆ ಹೇಳಿದ ಸೆಲಿಂಗ್ ತೀರ್ಪಿನ ಮಾದರಿಯವೇ. ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಯಲ್ಲೂ ಇದೇ ರೀತಿಯ ನಿಯಮವಿದ್ದು, ಅಲ್ಲಿಯೂ ತಿಳಿಸಲು 30 ದಿನಗಳ ಗಡುವಿದೆ.

ನಿಮ್ಮ ಕಡತದಲ್ಲಿ ಜಿ-28 ಎಂಬ ನಮೂನೆಯ ಪ್ರತಿ ಇರಬೇಕು. ನಿಮ್ಮ ಪರವಾಗಿ ವಕೀಲರು ಹಾಜರಾಗುವುದನ್ನು ವಲಸೆ ಇಲಾಖೆಗೆ ತಿಳಿಸುವ ಪತ್ರ ಅದು. ಯಾವ ರಾಜ್ಯದ ಸನ್ನದು, ಅದರ ಸಂಖ್ಯೆ, ತಮ್ಮ ಮೇಲೆ ಅಮಾನತು ಇತ್ಯಾದಿ ಆದೇಶ ಇದೆಯೇ ಇಲ್ಲವೇ ಎಂಬುದನ್ನು ವಕೀಲರು ಅದರಲ್ಲಿ ಸಹಿ ಮಾಡಿ ಘೋಷಿಸಿರುತ್ತಾರೆ. ಅದನ್ನು ಓದದೆ ಸಹಿ ಹಾಕಿದ ಕಕ್ಷಿದಾರರೇ ಹೆಚ್ಚು. ವಲಸೆ ನ್ಯಾಯಾಲಯಗಳ ಆಡಳಿತ ಶಿಸ್ತುಕ್ರಮಕ್ಕೆ ಒಳಗಾದವರ ಪಟ್ಟಿಯನ್ನೂ ಬಹಿರಂಗವಾಗಿ ಪ್ರಕಟಿಸುತ್ತದೆ. ವಕೀಲರು ಅಮಾನತಾದರೆ ನಿಮ್ಮ ಅರ್ಜಿ ಅದರಿಂದಲೇ ವಜಾ ಆಗುವುದಿಲ್ಲ. ಅಪಾಯವಿರುವುದು, ಇಲಾಖೆಯ ನೋಟಿಸ್ ಹಳೆಯ ವಕೀಲರ ವಿಳಾಸಕ್ಕೆ ಹೋಗಿ ಉತ್ತರಿಸುವ ಗಡುವು ತಪ್ಪುವುದರಲ್ಲಿ. ಆದ್ದರಿಂದ ಹೊಸ ವಕೀಲರಿಂದ ಹೊಸ ಜಿ-28 ಅನ್ನು ಕೂಡಲೇ ಸಲ್ಲಿಸಿ.

ಪ್ರಶ್ನೆ (ಹೆಸರು ಮತ್ತು ಊರು ಬೇಡವೆಂದ ವಕೀಲರು): ನನಗೆ ಮೂರು ಕಡೆ ಸನ್ನದಿದೆ, ಅವುಗಳಲ್ಲಿ ಒಂದು ವಾಷಿಂಗ್ಟನ್ ಡಿಸಿಯದು. ಒಂದು ರಾಜ್ಯದಲ್ಲಿ ವಾರ್ಷಿಕ ಶುಲ್ಕವನ್ನು ಕಟ್ಟಲು ಮರೆತದ್ದಕ್ಕೆ ಅಮಾನತಾಯಿತು. ಅದೇ ರಾಜ್ಯದಲ್ಲಿ ಬೇರೊಂದು ವಿಷಯಕ್ಕೆ ಅಲ್ಪಾವಧಿಯ ಶಿಸ್ತು ಅಮಾನತೂ ಆಗುವಂತಿದೆ. ಎರಡನ್ನೂ ಎಲ್ಲ ಕಡೆ ತಿಳಿಸಬೇಕೇ? ಒಂದು ಕಡೆ ಅವಧಿ ಮುಗಿದರೆ ಎಲ್ಲ ಕಡೆ ಮುಗಿದಂತೆಯೇ?

ಉತ್ತರ: ಶುಲ್ಕ ಬಾಕಿಯಿಂದಾದ ಅಮಾನತು ಆಡಳಿತಾತ್ಮಕವಾದದ್ದು, ಪರಸ್ಪರ ಶಿಸ್ತುಕ್ರಮದ ನಿಯಮಗಳು ಗುರಿಯಿಟ್ಟಿರುವುದು ದುರ್ನಡತೆಗೆ ಕೊಟ್ಟ ಶಿಕ್ಷೆಯನ್ನು. ಆದರೂ ಬಾಕಿ ಕಟ್ಟಿ ಅದನ್ನು ತೆರವು ಮಾಡಿಸಿಕೊಳ್ಳುವವರೆಗೆ ಆ ರಾಜ್ಯದಲ್ಲಿ ಒಂದು ಪತ್ರಕ್ಕೂ ವಕೀಲರೆಂದು ಸಹಿ ಹಾಕಬೇಡಿ, ಏಕೆಂದರೆ ಅಮಾನತಿನಲ್ಲಿದ್ದು ವಕೀಲಿ ನಡೆಸುವುದು ತಾನೇ ಒಂದು ದುರ್ನಡತೆ. ಆಗ ಅದು ಮರೆವಿನ ಮಾತಾಗಿ ಉಳಿಯದು.

ಶಿಸ್ತು ಅಮಾನತನ್ನು ಮಾತ್ರ ಎರಡೂ ಕಡೆ ತಿಳಿಸಲೇಬೇಕು, ಅದೂ ಆದೇಶ ಬಂದ ವಾರದಲ್ಲೇ. ತಿಳಿಸುವುದರಿಂದ ನಿಮಗೆ ಲಾಭವೂ ಇದೆ. ಡಿಸಿಯಲ್ಲಿ 1983ರ ಗೋಲ್ಡ್‌ಬರ್ಗ್ ತೀರ್ಪಿನಂತೆ, ಮೊದಲ ರಾಜ್ಯದ ಆದೇಶವನ್ನು ತಡಮಾಡದೆ ತಿಳಿಸಿ, ಆ ಅವಧಿಯಲ್ಲಿ ಡಿಸಿಯಲ್ಲಿಯೂ ಸ್ವಇಚ್ಛೆಯಿಂದ ವೃತ್ತಿಯನ್ನು ನಿಲ್ಲಿಸಿ, ಅದನ್ನು ಪ್ರಮಾಣಪತ್ರದಲ್ಲಿ ಸಾಬೀತುಪಡಿಸಿದವರಿಗೆ ಎರಡೂ ಅಮಾನತುಗಳು ಜೊತೆಜೊತೆಯಾಗಿ ನಡೆಯುವ ಅವಕಾಶವಿದೆ. ಸುಮ್ಮನಿದ್ದವರಿಗೆ ಒಂದು ಅಮಾನತು ಮುಗಿದ ಮೇಲೆ ಇನ್ನೊಂದು ಆರಂಭವಾಗಿ, ಆರು ತಿಂಗಳಲ್ಲಿ ಮುಗಿಯಬೇಕಾದದ್ದು ವರ್ಷಗಳಿಗೆ ಎಳೆದುಕೊಳ್ಳಬಹುದು. ಮೊದಲ ರಾಜ್ಯದಲ್ಲಿ ಮೇಲ್ಮನವಿ ಹೂಡಿ ಆದೇಶಕ್ಕೆ ತಡೆಯಾಜ್ಞೆ ಪಡೆದಿದ್ದರೆ ಅದನ್ನೂ ಹೇಳಿ. ಮಾದರಿ ನಿಯಮದಂತೆ ತಡೆಯಾಜ್ಞೆ ಇರುವವರೆಗೆ ಎರಡನೆಯ ಕಡೆಯ ಕ್ರಮವೂ ಕಾಯುತ್ತದೆ.

ಮರುಪ್ರವೇಶ ಪ್ರತಿ ರಾಜ್ಯದಲ್ಲೂ ಪ್ರತ್ಯೇಕ. ಶಿಕ್ಷೆ ಹರಡಿದ ವೇಗದಲ್ಲಿ ಕ್ಷಮೆ ಹರಡುವುದಿಲ್ಲ. ಒಂದು ಕಡೆ ಅವಧಿ ಮುಗಿದ ಕೂಡಲೇ ವೃತ್ತಿಗೆ ಮರಳಬಹುದಾದರೆ, ಇನ್ನೊಂದು ಕಡೆ ಅರ್ಜಿ, ಶುಲ್ಕ, ಯೋಗ್ಯತೆಯ ವಿಚಾರಣೆ ಎಲ್ಲವೂ ಬೇಕಾಗಬಹುದು. ಮೊದಲ ರಾಜ್ಯದ ಮರುಸ್ಥಾಪನೆಯ ಆದೇಶವನ್ನು ತಂದ ಮೇಲಷ್ಟೇ ನಿಮ್ಮ ಅರ್ಜಿಯನ್ನು ನೋಡುವ ಕಡೆಗಳೂ ಇವೆ. ಈ ವಿಷಯದಲ್ಲಿ ಮೂರೂ ಕಡೆಯ ನಿಯಮಗಳನ್ನು ಬಲ್ಲ, ವೃತ್ತಿ ಶಿಸ್ತಿನ ಪ್ರಕರಣಗಳನ್ನೇ ನಡೆಸುವ ವಕೀಲರನ್ನು ನಿಯೋಜಿಸಿಕೊಳ್ಳಿ. ನಿಮ್ಮ ಪ್ರಕರಣವನ್ನು ನೀವೇ ವಾದಿಸಿಕೊಳ್ಳಬೇಡಿ.

ಪ್ರಶ್ನೆ (ನ್ಯೂಜೆರ್ಸಿಯ ಮತ್ತೊಬ್ಬ ಓದುಗರು): ವಕೀಲರನ್ನು ಗೊತ್ತುಮಾಡುವ ಮೊದಲು ಇದನ್ನೆಲ್ಲ ಪರಿಶೀಲಿಸುವುದು ಹೇಗೆ? ಕೊಟ್ಟ ಹಣ ಮುಳುಗಿದರೆ ದಾರಿ ಏನು?

ಉತ್ತರ: ಯಾವ ಯಾವ ರಾಜ್ಯಗಳಲ್ಲಿ, ಯಾವ ಯಾವ ಫೆಡರಲ್ ನ್ಯಾಯಾಲಯಗಳಲ್ಲಿ ನಿಮಗೆ ಸನ್ನದಿದೆ ಎಂದು ನೇರವಾಗಿ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ, ಹಿಂದೆ ಇದ್ದು ಈಗ ಇಲ್ಲದ ಸನ್ನದುಗಳನ್ನೂ ಕೇಳಲು ಮರೆಯಬೇಡಿ. ಆಮೇಲೆ ಪ್ರತಿ ರಾಜ್ಯದ ನ್ಯಾಯಾಲಯ ಅಥವಾ ಬಾರ್ ನಡೆಸುವ ವಕೀಲರ ಹುಡುಕಾಟ ಪುಟದಲ್ಲಿ ಹೆಸರನ್ನು ಪ್ರತ್ಯೇಕವಾಗಿ ನೋಡಿ. ನಿಮ್ಮ ರಾಜ್ಯದ ಪುಟವೊಂದನ್ನೇ ನೋಡಿದರೆ, ಪಕ್ಕದ ರಾಜ್ಯದಲ್ಲಿ ಹೋದ ತಿಂಗಳು ಹೊರಬಿದ್ದ ಆದೇಶ ಅಲ್ಲಿ ಇನ್ನೂ ಕಾಣದಿರಬಹುದು. ಶಿಸ್ತು ಆದೇಶದಿಂದ ವೃತ್ತಿ ನಿಲ್ಲಿಸಬೇಕಾದ ವಕೀಲರು ಕಕ್ಷಿದಾರರಿಗೆ ಬರೆದು ತಿಳಿಸಬೇಕು, ಕಡತವನ್ನು ಹಿಂದಿರುಗಿಸಬೇಕು, ಮಾಡದ ಕೆಲಸಕ್ಕೆ ಮುಂಗಡವಾಗಿ ಪಡೆದ ಶುಲ್ಕವನ್ನು ವಾಪಸು ಕೊಡಬೇಕು. ಅಪ್ರಾಮಾಣಿಕತೆಯಿಂದ ಹಣ ನುಂಗಿದ್ದರೆ ಪರಿಹಾರಕ್ಕಾಗಿ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಎರಡರಲ್ಲೂ ಕಕ್ಷಿದಾರರ ರಕ್ಷಣಾ ನಿಧಿಗಳಿವೆ. ಸೋತ ಪ್ರಕರಣಕ್ಕೆ ಅಥವಾ ದುಬಾರಿಯೆನಿಸಿದ ಶುಲ್ಕಕ್ಕೆ ಆ ನಿಧಿ ಪರಿಹಾರ ಕೊಡುವುದಿಲ್ಲ. ಅರ್ಜಿಗೆ ಕಾಲಮಿತಿಯೂ ಇರುವುದರಿಂದ, ಹಣ ಕೊಟ್ಟ ರಸೀದಿ, ಚೆಕ್ಕಿನ ಪ್ರತಿ ಮತ್ತು ಶುಲ್ಕದ ಕರಾರನ್ನು ಜೋಡಿಸಿ ಬೇಗನೆ ಸಲ್ಲಿಸಿ.